ಅಪ್ಪನ ಕ್ಯಾಸೆಟ್ಟು, ತಂಗಿ ಮದುವೆ, ಕಾಪಿರೈಟು

ಕೇಳಿದ್ದು, ತುಮಕೂರಿನಿಂದ: ಅಪ್ಪ ಕೂಡಿಟ್ಟ ಇನ್ನೂರು ಕ್ಯಾಸೆಟ್ ಅಟ್ಟದ ಮೇಲಿವೆ. ಭಾವಗೀತೆ, ಹರಿಕಥೆ, ಹಳೇ ಸಿನಿಮಾ ಹಾಡು. ಎಂಪಿ3 ಮಾಡಿಸಿ, ಮುಂದಿನ ತಿಂಗಳು ತಂಗಿ ಮದುವೆಗೆ ಬಂದವರಿಗೆಲ್ಲ ತಾಂಬೂಲದ ಜೊತೆ ಪೆನ್‌ಡ್ರೈವ್ ಕೊಡೋ ಆಸೆ. ತಕರಾರು ಬರುತ್ತಾ?

ಮೊಬೈಲ್ ಅಂಗಡಿಯವನು: ಮೆಮೊರಿ ಕಾರ್ಡ್‌ಗೆ ಹಾಡು ತುಂಬಿಸಿಯೇ ಒಂದು ಕಾಲಕ್ಕೆ ಬಾಡಿಗೆ ಕಟ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಪಕ್ಕದ ಅಂಗಡಿ ಕಂಪ್ಯೂಟರನ್ನ ಪೊಲೀಸ್ರು ಎತ್ಕೊಂಡು ಹೋದ ದಿನ ಬಿಟ್ಟೆ. 1957ರ ಕಾಪಿರೈಟ್ ಕಾಯ್ದೆ, 63ನೇ ಕಲಂ: ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ದುಡ್ಡಿಗಾಗಿ ಅಲ್ಲ ಅಂದ್ರೆ ಕೋರ್ಟು ಶಿಕ್ಷೆ ಕಮ್ಮಿ ಮಾಡಬಹುದು, ತಪ್ಪು ತಪ್ಪೇ. ಛತ್ರದ ತುಂಬ ಹಂಚೋದು ಬೇಡ ಸ್ವಾಮಿ.

ತಿಪಟೂರಿನವಳು: ಮನೆಗೆ ಅಂತ ಮಾಡ್ಕೊಳ್ಳೋಕೆ ಭಯ ಬೇಡ ಅಣ್ಣ. 52ನೇ ಕಲಂನಲ್ಲಿ ಸ್ವಂತ ಬಳಕೆಗೆ ಅವಕಾಶ ಇದೆ, 2012ರ ತಿದ್ದುಪಡಿ ಆದ್ಮೇಲೆ ರೆಕಾರ್ಡಿಂಗಿಗೂ ಅದು ಅನ್ವಯ. ನಿಜವಾದ ಕಷ್ಟ ಬೂಷ್ಟಿನದು. ಬಿಳಿ ಪುಡಿ ಕಂಡ ಕ್ಯಾಸೆಟ್ಟನ್ನ ಬೇರೆ ಇಡಿ, ಒಂದರಿಂದ ಹೆಡ್ (ಪ್ಲೇಯರಿನಲ್ಲಿ ರೀಲು ತಾಗೋ ಭಾಗ) ಕೆಟ್ಟು ಉಳಿದವಕ್ಕೂ ಹತ್ತುತ್ತೆ. ಪ್ರತಿ ಸಲ ಹೆಡ್ಡನ್ನ ಸ್ಪಿರಿಟ್ ಹತ್ತೀಲಿ ಒರೆಸಿ. ಅಂಟಿಕೊಂಡ ರೀಲನ್ನ ಒಂದ್ಸಲ ಆ ತುದಿಯಿಂದ ಈ ತುದಿಗೆ ಓಡಿಸಿ, ಆಮೇಲೆ ಪ್ಲೇ ಮಾಡಿ. ಗಂಟೆಯ ಕ್ಯಾಸೆಟ್ಟಿಗೆ ಗಂಟೆಯೇ ಬೇಕು, ಓಡಿಸಿ ಮುಗಿಸೋಕೆ ಅಡ್ಡದಾರಿ ಇಲ್ಲ. ಇನ್ನೂರು ಅಂದ್ರೆ ಇನ್ನೂರು ಗಂಟೆ. ಮುಂದಿನ ತಿಂಗಳಾ? ಮದುವೆ ಕೆಲಸ ಯಾರು ಮಾಡ್ತಾರೆ?

ಕೋಲಾರದವನು: ನಮ್ಮಣ್ಣನ ಮದುವೇಲಿ ಛತ್ರದವರು ‘ಹಾಡು ಹಾಕೋಕೆ ಲೈಸೆನ್ಸ್ ತನ್ನಿ’ ಅಂತ ಪಟ್ಟು ಹಿಡಿದರು. ಮದುವೆಗೂ ಮೆರವಣಿಗೆಗೂ ಅದೇ 52ನೇ ಕಲಂ ವಿನಾಯಿತಿ ಕೊಡುತ್ತೆ. ಮದುವೆ ಹಾಡಿಗೆ ರಾಯಧನ ಕೊಡಬೇಡಿ ಅಂತ 2023ರ ಜುಲೈನಲ್ಲಿ ಕೇಂದ್ರವೇ ಸೂಚನೆ ಹೊರಡಿಸಿದೆ. ಪ್ರಿಂಟ್ ತೋರಿಸಿದ್ಮೇಲೆ ಸುಮ್ಮನಾದರು. ಅಲ್ಲಿ ನುಡಿಸಿ, ಹಂಚಬೇಡಿ.

ಇನ್ನೊಬ್ಬರು: ರೆಕಾರ್ಡಿಂಗಿನ ಹಕ್ಕು 60 ವರ್ಷ. 1960ರಲ್ಲಿ ಬಂದದ್ದು 2020ರ ಕೊನೆಗೆ ಮುಗೀತು. ಹಾಗಂತ ಹಿಗ್ಗಬೇಡಿ, ಹಾಡು ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತೆ.

ಕೇಳಿದವರು: ಪೆನ್‌ಡ್ರೈವ್ ಕೈಬಿಟ್ಟೆ. ಊಟದ ಹೊತ್ತಿಗೆ ನುಡಿಸೋಕೆ ಹತ್ತು ಕ್ಯಾಸೆಟ್ ಆರಿಸಿದ್ದೀನಿ. ಓಡೋ ಕ್ಯಾಸೆಟ್ ಡೆಕ್ ಯಾರ ಹತ್ರ ಇದೆ?

ಮೊಬೈಲ್ ಅಂಗಡಿಯವನು: ನನ್ನ ಹತ್ರ ಒಂದಿದೆ, ಬೆಲ್ಟ್ ಹೋಗಿದೆ. ಸೋಮವಾರ ಬನ್ನಿ, ಹಾಕಿಸಿಡ್ತೀನಿ.