ಹೀರೋಸ್‌ಗೆ ಬ್ರಯಾನ್ ಫುಲ್ಲರ್ ವಾಪಸ್ ಬರ್ತಿದ್ದಾರೆ. ಏನು ಬದಲಾಗಬೇಕು?

ಸೋಮವಾರ ರಾತ್ರಿ (ಜನವರಿ 2009)

ಎಲ್ಲರಿಗೂ ನಮಸ್ಕಾರ. ಸಾಮಾನ್ಯ ಜನರಿಗೆ ಇದ್ದಕ್ಕಿದ್ದಂತೆ ವಿಶೇಷ ಶಕ್ತಿ ಬರುವ ಎನ್‌ಬಿಸಿಯ ಧಾರಾವಾಹಿ 'ಹೀರೋಸ್' ಬಿಡದೆ ನೋಡುವವರು ಇಲ್ಲಿ ಇನ್ನೂ ಇದ್ದೀರಿ ಅಲ್ವಾ? ನಿಮಗೇ ಈ ಪ್ರಶ್ನೆ. ನವೆಂಬರ್‌ನಲ್ಲಿ ಅದರ ಬರಹಗಾರ-ನಿರ್ಮಾಪಕರಾದ ಜೆಫ್ ಲೋಬ್ ಮತ್ತು ಜೆಸ್ಸಿ ಅಲೆಕ್ಸಾಂಡರ್ ಅವರನ್ನು ತೆಗೆದರು. ಅದೇ ಹೊತ್ತಿಗೆ 'ಪುಷಿಂಗ್ ಡೇಸೀಸ್' ಅನ್ನುವ ಇನ್ನೊಂದು ಧಾರಾವಾಹಿ ನಿಂತುಹೋಯಿತು. ಅದನ್ನು ಮಾಡುತ್ತಿದ್ದ ಬ್ರಯಾನ್ ಫುಲ್ಲರ್ ಈಗ ಹೀರೋಸ್‌ಗೆ ವಾಪಸ್ ಬರುತ್ತಿದ್ದಾರೆ. ಫೆಬ್ರವರಿ 2ರಿಂದ ಹೊಸ ಭಾಗ ಶುರು. ಅದರ ಮೊದಲ ಕೆಲವು ಎಪಿಸೋಡ್‌ಗಳು ಅವರ ಕೈಗೆ ಸಿಗುವ ಮೊದಲೇ ಬರೆದಾಗಿವೆ. ಆಮೇಲಿನದ್ದು ಅವರ ಕೈಯಲ್ಲಿದೆ. ಅವರಿಂದ ನೀವು ಏನು ಬಯಸುತ್ತೀರಿ?

ನನ್ನ ಆಸೆ ಮೊದಲು ಹೇಳಿಬಿಡ್ತೇನೆ. ಯಾರಿಗೂ ಹೊಸ ಶಕ್ತಿ ಬೇಡ. ಇರುವವರು ಏನನ್ನಾದರೂ ಕಳೆದುಕೊಳ್ಳಬೇಕು. ಕಳೆದುಕೊಂಡದ್ದು ಮುಂದಿನ ವಾರ ವಾಪಸ್ ಬರಬಾರದು.

2006ರ ಸೆಪ್ಟೆಂಬರ್‌ನಲ್ಲಿ ಮೊದಲ ಎಪಿಸೋಡನ್ನು ಇಲ್ಲಿ ಅಮೆರಿಕದಲ್ಲಿ ಸುಮಾರು 1.4 ಕೋಟಿ ಜನ ನೋಡಿದರು. ನಮ್ಮ ಮನೆಯಲ್ಲೂ ಸೋಮವಾರ 9 ಗಂಟೆಯೊಳಗೆ ಊಟ ಮುಗಿಯಲೇಬೇಕಿತ್ತು. ಈಗ ನನ್ನ ಗಂಡ ಮಧ್ಯದಲ್ಲೇ ಎದ್ದು ಪಾತ್ರೆ ತೊಳೆಯಲು ಹೋಗ್ತಾರೆ. "ಯಾರಾದ್ರೂ ಸತ್ರಾ?" ಅಂತ ಒಳಗಿನಿಂದ ಕೇಳ್ತಾರೆ. "ಸತ್ರು" ಅಂದರೂ ಈಚೆಗೆ ಬರೋದಿಲ್ಲ. ಸತ್ತವರು ಎದ್ದು ಬರ್ತಾರೆ ಅಂತ ಅವರಿಗೆ ಗೊತ್ತಾಗಿಬಿಟ್ಟಿದೆ. ಯಾವ ಗಾಯವಾದರೂ ತಾನಾಗಿ ಮಾಯುವ ಹುಡುಗಿ ಕ್ಲೇರ್, ಅವಳ ರಕ್ತದ ಒಂದು ಸಿರಿಂಜ್ ಇದ್ದರೆ ಸಾಕು, ಗುಂಡು ತಿಂದ ಅವಳ ಅಪ್ಪ ನೋವಾ ಬೆನೆಟ್ ಕೂಡ ಕಣ್ಣು ಬಿಡ್ತಾನೆ. ನನ್ನ ಪ್ರಕಾರ ಕಥೆಯ ಬುಡ ಅಲ್ಲಾಡಿದ್ದು ಆ ರಕ್ತದಿಂದ.

ಫುಲ್ಲರ್ ಅವರ ಮೇಲೆ ನಂಬಿಕೆ ಯಾಕೆ ಅಂದರೆ, ಮೊದಲ ಸೀಸನ್‌ನ 'ಕಂಪನಿ ಮ್ಯಾನ್' ಬರೆದವರು ಅವರೇ. 2007ರ ಫೆಬ್ರವರಿಯಲ್ಲಿ ಬಂದದ್ದು. ಒಂದು ಮನೆ, ಒಂದು ಸಂಸಾರ, ಒಂದೇ ದಿನ. ಮ್ಯಾಟ್ ಪಾರ್ಕ್‌ಮನ್ ಮತ್ತು ಟೆಡ್ ಸ್ಪ್ರೇಗ್ ಇಬ್ಬರೂ ಬೆನೆಟ್ ಮನೆಗೆ ನುಗ್ಗಿ ಎಲ್ಲರನ್ನೂ ಕೂಡಿಹಾಕ್ತಾರೆ. ಟೆಡ್ ಸಿಟ್ಟಾದರೆ ಅಣುಬಾಂಬ್ ಇದ್ದ ಹಾಗೆ, ಬೀದಿಯೇ ಉಳಿಯೋದಿಲ್ಲ. ಮ್ಯಾಟ್‌ಗೆ ಮನಸ್ಸಿನ ಮಾತು ಕೇಳಿಸುತ್ತೆ. ಬೆನೆಟ್‌ಗೆ ಯಾವ ಶಕ್ತಿಯೂ ಇಲ್ಲ. ಅವನ ಹತ್ತಿರ ಇರುವುದು ತಲೆ ಒಂದೇ. ಬಾಯಿ ಬಿಡದೆ, ಮನಸ್ಸಿನಲ್ಲೇ ಮ್ಯಾಟ್‌ಗೆ ಹೇಳ್ತಾನೆ: ಕ್ಲೇರ್‌ಗೆ ಗುಂಡು ಹೊಡಿ ಅಂತ. ಮಗಳ ಗಾಯ ತಾನಾಗಿ ಮಾಯುತ್ತೆ ಅಂತ ಅವನಿಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ. ಕಣ್ಣೆದುರೇ ಮಗಳು ಬಿದ್ದಾಗ ಸಾಂಡ್ರಾ ಮುಖ ನೋಡಿ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದ ಗಂಡ ಯಾರು ಅನ್ನುವ ಪ್ರಶ್ನೆ ಆ ಮುಖದಲ್ಲಿದೆ.

ನಡುನಡುವೆ ಕಪ್ಪು ಬಿಳುಪಿನಲ್ಲಿ ಹಳೆಯ ದಿನಗಳು ಬರ್ತವೆ. ಚಾವಣಿಯ ಮೇಲೆ, ಕಾಲದಲ್ಲಿ ಹಿಂದೆ ಮುಂದೆ ಹೋಗಬಲ್ಲ ಜಪಾನಿ ಹುಡುಗ ಹಿರೋನ ಅಪ್ಪ ಹಸುಗೂಸು ಕ್ಲೇರ್‌ಳನ್ನು ಬೆನೆಟ್ ಕೈಗಿಡ್ತಾನೆ. ಪಕ್ಕದಲ್ಲಿ ಪುಟ್ಟ ಹಿರೋ ಕೈಯಲ್ಲೊಂದು ವಿಡಿಯೋ ಗೇಮ್ ಹಿಡಿದು ಕೂತಿದ್ದಾನೆ. ಆಮೇಲೆ ಪುಟ್ಟ ಕ್ಲೇರ್ ಅಪ್ಪನಿಗೆ ಕನ್ನಡಕ ಆರಿಸಿ ಕೊಡ್ತಾಳೆ. ಆ ದಪ್ಪ ಫ್ರೇಮಿನ ಕನ್ನಡಕವನ್ನು ನಾವು ಮೊದಲ ಎಪಿಸೋಡ್‌ನಿಂದ ಖಳನ ಗುರುತು ಅಂತ ನೋಡ್ತಾ ಬಂದಿದ್ದೆವು. ಅದು ಮಗಳು ಇಷ್ಟಪಟ್ಟದ್ದು! ಕೊನೆಗೆ ಮಗಳು ಎಲ್ಲಿದ್ದಾಳೆ ಅಂತ, ಶಕ್ತಿ ಇರುವವರ ಬೆನ್ನು ಹತ್ತುವ ತನ್ನ ಗುಟ್ಟಿನ ಕಂಪನಿಗೆ ತನ್ನ ಬಾಯಿಂದ ತಿಳಿಯಬಾರದು ಅಂತ, ತನಗೆ ಗುಂಡು ಹೊಡೆದು ನೆನಪು ಅಳಿಸಿಬಿಡು ಅಂತ ಜೊತೆಗಾರ ಹೈಟಿಯನ್‌ಗೆ ಅವನೇ ಹೇಳ್ತಾನೆ. ಆ ಒಂದು ಗಂಟೆಯಲ್ಲಿ ಯಾರಿಗೂ ಏನೂ ಹೊಸದಾಗಿ ಸಿಗಲಿಲ್ಲ. ಎಲ್ಲರೂ ಕಳೆದುಕೊಂಡರು. ನನಗೆ ಮತ್ತೆ ಅಂಥದ್ದು ಬೇಕು.

ಈ ಸೀಸನ್‌ನಲ್ಲಿ ಸೈಲರ್ ಗತಿ ನೋಡಿ. ಕೈಗಡಿಯಾರ ರಿಪೇರಿ ಮಾಡುವ ಹುಡುಗ. ಟಿಕ್ ಟಿಕ್ ಸದ್ದು ಕೇಳಿಯೇ ನಿಧಾನ ಇದೆ ಅಂತ ಹೇಳಬಲ್ಲವನು. ತಾನು ಯಾರಿಗೂ ಬೇಡವಾದವನು ಅನ್ನುವ ಹಸಿವು ಅವನನ್ನು ಕೊಲೆಗಾರನನ್ನಾಗಿ ಮಾಡಿತು. ಈಗ ಪೆಟ್ರೆಲಿ ಮನೆತನದ ಏಂಜೆಲಾ ನಾನೇ ನಿನ್ನ ತಾಯಿ ಅಂದಳು, ಅವನು ಒಳ್ಳೆಯವನಾದ. ಅದು ಸುಳ್ಳು ಅಂತ ಗೊತ್ತಾಯಿತು, ಮತ್ತೆ ಕೆಟ್ಟವನಾದ. ಝಕರಿ ಕ್ವಿಂಟೊ ಅಂಥ ನಟನಿಗೆ ಇದು ಅನ್ಯಾಯ.

ನಿಮ್ಮ ಆಸೆ ಬರೆಯಿರಿ. ಸುಮ್ನೆ "ಚೆನ್ನಾಗಿಲ್ಲ" ಅನ್ನಬೇಡಿ. ಏನು ಮಾಡಿದರೆ ಚೆನ್ನಾಗಿರುತ್ತೆ ಅಂತ ಹೇಳಿ.

ಕಾಮಿಕ್ಸ್ ಪೆಟ್ಟಿಗೆ

ಮೇಡಂ, 'ಕಂಪನಿ ಮ್ಯಾನ್' ವಿಷಯದಲ್ಲಿ ನೂರಕ್ಕೆ ನೂರು ಒಪ್ಪಿದೆ. ಆದರೆ ಒಬ್ಬ ಬರಹಗಾರ ಬಂದ ಮಾತ್ರಕ್ಕೆ ಇದು ಸರಿಹೋಗುತ್ತೆ ಅಂತ ನನಗೆ ಅನ್ನಿಸೋದಿಲ್ಲ.

ಹೀರೋಸ್ ಸೃಷ್ಟಿಸಿದ ಟಿಮ್ ಕ್ರಿಂಗ್ ಅವರ ಮೊದಲ ಯೋಚನೆ ನೆನಪಿದೆಯಾ? ಪ್ರತಿ ಸೀಸನ್‌ಗೂ ಹೊಸ ಜನ, ಹೊಸ ಕಥೆ. ಪೀಟರ್, ಹಿರೋ, ಕ್ಲೇರ್ ತುಂಬಾ ಜನಪ್ರಿಯರಾದರು, ಅವರನ್ನು ಬಿಡಲು ಮನಸ್ಸಾಗಲಿಲ್ಲ. 23 ಎಪಿಸೋಡ್‌ಗೆ ಅಂತ ಹೆಣೆದ ಕಥೆಯನ್ನು ಎಳೆಯುತ್ತಾ ಹೋದರು. ಎರಡನೇ ಸೀಸನ್‌ನಲ್ಲಿ ಹಿರೋ 1671ರ ಜಪಾನ್‌ನಲ್ಲಿ ಎಷ್ಟು ವಾರ ಕಳೆದ! ಬರಹಗಾರರ ಮುಷ್ಕರ ಬಂದು ಆ ಸೀಸನ್ 11ಕ್ಕೇ ನಿಂತಿತು. ಕ್ರಿಂಗ್ ಅವರೇ 2007ರ ನವೆಂಬರ್‌ನಲ್ಲಿ ಪತ್ರಿಕೆಯ ಮುಂದೆ ತಪ್ಪು ಒಪ್ಪಿಕೊಂಡರು. ಕಥೆ ನಿಧಾನವಾಯಿತು, ಹಿರೋ ಜಪಾನ್‌ನಲ್ಲಿ ಜಾಸ್ತಿ ಹೊತ್ತು ಇದ್ದ, ಪ್ರೇಮಕಥೆಗಳು ಹೊಂದಲಿಲ್ಲ ಅಂತ. ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಇದೆ.

ಅದಕ್ಕೇ ನನ್ನ ಆಸೆ ಬೇರೆ. ಈ ಸೀಸನ್ ಮುಗಿಯುವಾಗ ಪೀಟರ್‌ನ ಪೆಟ್ರೆಲಿ ಮನೆತನದ ಕಥೆಗೆ ಮುಕ್ತಾಯ ಹಾಡಲಿ. ಮುಂದಿನ ವರ್ಷ ಪೂರ್ತಿ ಹೊಸ ಮುಖಗಳು ಬರಲಿ. 'ಹೀರೋಸ್: ಒರಿಜಿನ್ಸ್' ಅಂತ ಬಿಡಿ ಕಥೆಗಳ ಸರಣಿ ಮಾಡ್ತೀವಿ ಅಂದಿದ್ದರು. ಮುಷ್ಕರದ ಹೊತ್ತಿನಲ್ಲಿ ಅದೂ ಕೈಬಿಟ್ಟುಹೋಯಿತು. ಅದನ್ನೇ ಈಗ ಎತ್ತಿಕೊಳ್ಳಬಹುದು.

ಅಪ್ಪನ ನಕ್ಷೆ

ನನ್ನದು ಒಂದೇ ಬೇಡಿಕೆ. ಮೊಹಿಂದರ್ ಸುರೇಶ್‌ನನ್ನು ನಮಗೆ ವಾಪಸ್ ಕೊಡಿ.

ಇಂಗ್ಲಿಷ್ ಟಿವಿಯಲ್ಲಿ ನಮ್ಮ ಕಡೆಯ ಮುಖ ಅಂದರೆ ಅಂಗಡಿಯವನೋ, ನಗಿಸುವ ಪಾತ್ರವೋ ಆಗಿರುತ್ತಿದ್ದ ಕಾಲದಲ್ಲಿ ಮದ್ರಾಸಿನ ಒಬ್ಬ ಪ್ರಾಧ್ಯಾಪಕ ಕಥೆಯ ನಡುವೆ ನಿಂತಿದ್ದ. (ಮದ್ರಾಸಿನ ಹುಡುಗನಿಗೆ ಪಂಜಾಬಿ ಹೆಸರು ಯಾಕೋ, ಅದನ್ನು ಯಾರೂ ಅವರಿಗೆ ಹೇಳಲಿಲ್ಲ ಅಂತ ಕಾಣುತ್ತೆ.) ಕೊಲೆಯಾದ ಅಪ್ಪನ ಸಂಶೋಧನೆ ಹಿಡಿದು ನ್ಯೂಯಾರ್ಕ್‌ಗೆ ಬಂದ, ಟ್ಯಾಕ್ಸಿ ಓಡಿಸಿದ, ಅಪ್ಪನ ಕೋಣೆಯಲ್ಲಿ ಕೂತು ಒಂದೊಂದೇ ಹೆಸರು ಹುಡುಕಿದ. ಅವನ ಅಕ್ಕ ಶಾಂತಿ ಚಿಕ್ಕವಳಿದ್ದಾಗಲೇ ಒಂದು ರೋಗದಿಂದ ತೀರಿಕೊಂಡಿದ್ದಳು. ಆ ವೈರಸ್‌ಗೆ ಅವಳ ಹೆಸರೇ ಇದೆ. ಶಕ್ತಿಯಿಲ್ಲದ ಒಬ್ಬ ಮನುಷ್ಯ ಶಕ್ತಿ ಇರುವವರನ್ನು ಅರ್ಥಮಾಡಿಕೊಳ್ಳಲು ಹೊರಟಿದ್ದ. ಅದು ಸಾಕಿತ್ತು.

ಈ ಸೀಸನ್‌ನಲ್ಲಿ ಅವನೇ ಶಕ್ತಿ ಬರಿಸುವ ಚುಚ್ಚುಮದ್ದು ತೆಗೆದುಕೊಂಡ. ಮೈಮೇಲೆ ಹುರುಪೆ ಎದ್ದಿತು. ಗೋಡೆ ಹತ್ತಿದ, ಮನುಷ್ಯರನ್ನು ಗೂಡಿನೊಳಗೆ ಅಂಟಿಸಿಟ್ಟ. ಸೆಂದಿಲ್ ರಾಮಮೂರ್ತಿ ಪಾಪ ಏನು ಮಾಡಿಯಾರು? ಈಗ ಮೈ ವಾಸಿಯಾಗಿದೆ. ಇನ್ನು ಅವನು ಮಾಡಿದ್ದಕ್ಕೆ ಲೆಕ್ಕ ಕೊಡಬೇಕು. ಏನೂ ಆಗಿಲ್ಲ ಅನ್ನುವಂತೆ ಮುಂದಿನ ಎಪಿಸೋಡ್‌ನಲ್ಲಿ ಟೀ ಕುಡಿಯುತ್ತಾ ಕೂರಬಾರದು. ಫುಲ್ಲರ್ ಇದೊಂದನ್ನು ಸರಿಯಾಗಿ ಬರೆದರೂ ನಾನು ಕೊನೆಯವರೆಗೆ ನೋಡ್ತೇನೆ.

ಕ್ಲಿಫ್ ಹ್ಯಾಂಗರ್

ಎರಡನೇ ಸೀಸನ್‌ನಲ್ಲಿ ಪೀಟರ್ ಪ್ರೀತಿಸಿದ ಕೇಟ್ಲಿನ್ ಎಲ್ಲಿ? ಪೀಟರ್ ಅವಳನ್ನು ಮುಂದಿನ ಕಾಲಕ್ಕೆ ಕರೆದುಕೊಂಡು ಹೋದ, ರೋಗ ಹರಡಿದ ಊರಲ್ಲಿ ಬಿಟ್ಟು ಬಂದ. ಆ ಭವಿಷ್ಯವೇ ಅಳಿಸಿಹೋಯಿತು. ಮೂರನೇ ಸೀಸನ್‌ನಲ್ಲಿ ಅವನು ಒಂದು ಸಲವಾದರೂ ಅವಳ ಹೆಸರು ಎತ್ತಿದನಾ? ಹೊಸಬರು ಬರಲಿ ಅನ್ನುವವರು ಮೊದಲು ಇದಕ್ಕೆ ಉತ್ತರ ಹೇಳಬೇಕು. ಇವರು ಹೊಸಬರನ್ನು ತಂದು ನಡುದಾರಿಯಲ್ಲಿ ಬಿಡ್ತಾರೆ.

ಸೋಮವಾರ ರಾತ್ರಿ

@ಕ್ಲಿಫ್ ಹ್ಯಾಂಗರ್, ಕೇಟ್ಲಿನ್ ವಿಷಯ ನನ್ನನ್ನೂ ಕಾಡ್ತಾ ಇದೆ. ಅವಳನ್ನು ಕರೆತರಲು ಆಗೋದಿಲ್ಲ, ಸರಿ. ಆದರೆ ಅವಳನ್ನು ಕಳೆದುಕೊಂಡೆ ಅಂತ ಪೀಟರ್‌ಗೆ ನೋವಿರಬೇಕಲ್ವಾ? ಒಂದು ದೃಶ್ಯ, ಎರಡು ಮಾತು ಸಾಕಿತ್ತು.

@ಕಾಮಿಕ್ಸ್ ಪೆಟ್ಟಿಗೆ, ನಿಮ್ಮ ವಾದ ಗಟ್ಟಿಯಾಗಿದೆ. ಆದರೂ ನಾನು ಒಪ್ಪಲಾರೆ. ಹೊಸ ಮುಖಗಳಿಗೂ ಇದೇ ರಕ್ತ, ಇದೇ ಕಾಲಪ್ರಯಾಣ ಕೈಗೆ ಸಿಕ್ಕರೆ ಎರಡು ತಿಂಗಳಲ್ಲಿ ಅದೇ ಕಥೆ. ಮೊದಲು ಮಿತಿ ಬೇಕು. ನೋಡಿ, ಆರ್ಥರ್ ಪೆಟ್ರೆಲಿ ಮಗನನ್ನು ಮುಟ್ಟಿಯೇ ಅವನ ಶಕ್ತಿಯನ್ನೆಲ್ಲ ಹೀರಿಕೊಂಡ. ಎಲ್ಲವನ್ನೂ ಮಾಡಬಲ್ಲ ಪೀಟರ್ ಖಾಲಿಯಾದ. ಹೆದರಿಕೊಂಡು, ಏಟು ತಿಂದು ನಡೆದಾಡಿದ ಆ ವಾರಗಳಲ್ಲಿ ಮೊದಲ ಸೀಸನ್‌ನ ಆ ನರ್ಸ್ ಹುಡುಗ ಮತ್ತೆ ಕಂಡ. ಡಿಸೆಂಬರ್‌ನ ಕೊನೆಯ ಎಪಿಸೋಡ್‌ನಲ್ಲಿ ಅಣ್ಣ ನೇಥನ್‌ನನ್ನು ಉಳಿಸಲು ಅವನೇ ಶಕ್ತಿ ಬರಿಸುವ ಆ ಫಾರ್ಮುಲಾ ಚುಚ್ಚಿಕೊಂಡು ಹಾರಿದ. ನಿರ್ಧಾರ ಇರುವುದು ಇಲ್ಲೇ. ಎಲ್ಲ ಶಕ್ತಿಯೂ ವಾಪಸ್ ಬಂದರೆ ಕಳೆದುಕೊಂಡದ್ದಕ್ಕೆ ಅರ್ಥವೇ ಇಲ್ಲ. ಸ್ವಲ್ಪ ಮಾತ್ರ ಬರಲಿ. ಯಾವಾಗ ಏನು ಮಾಡಬಲ್ಲೆ ಅಂತ ಅವನು ಯೋಚಿಸುವ ಹಾಗಿರಲಿ. ಆಗ ಅವನು ಬಾಗಿಲು ತೆರೆಯುವಾಗಲೂ ನಮ್ಮ ಎದೆ ಹೊಡೆದುಕೊಳ್ಳುತ್ತೆ.

ನೇಥನ್ ಈಗ ಶಕ್ತಿ ಇರುವವರನ್ನೆಲ್ಲ ಹಿಡಿಯಬೇಕು ಅಂತ ಅಧ್ಯಕ್ಷರ ಹತ್ತಿರ ಹೋಗಿದ್ದಾನೆ. ತಾನೇ ಹಾರಬಲ್ಲವನು, ತಮ್ಮನನ್ನೇ ಹಿಡಿಸಲು ಹೊರಟವನು. ಇದರಲ್ಲಿ ಒಳ್ಳೆಯ ಕಥೆ ಇದೆ ಅಂತ ನಾನು ನಿಜವಾಗಿಯೂ ನಂಬಿದ್ದೇನೆ. ಎಲ್ಲರೂ ಓಡಬೇಕು, ಅಡಗಬೇಕು, ಒಬ್ಬರ ಮನೆ ಬಾಗಿಲು ಇನ್ನೊಬ್ಬರು ತಟ್ಟಬೇಕು. ಬೆನೆಟ್ ಯಾರ ಪಕ್ಷ ಅಂತ ಮಗಳಿಗೇ ಗೊತ್ತಾಗಬಾರದು.

@ಅಪ್ಪನ ನಕ್ಷೆ, ನಿಮ್ಮ ಮಾತು ಓದಿ ಮೊದಲ ಎಪಿಸೋಡ್ ಮತ್ತೆ ಹಾಕಿದೆ. ಪೀಟರ್ ಹತ್ತುವುದು ಮೊಹಿಂದರ್ ಟ್ಯಾಕ್ಸಿಯನ್ನೇ. ಇಬ್ಬರಿಗೂ ಒಬ್ಬರು ಇನ್ನೊಬ್ಬರು ಯಾರು ಅಂತ ಗೊತ್ತಿಲ್ಲ. ಗ್ರಹಣದ ಬಗ್ಗೆ ಮಾತಾಡ್ತಾರೆ, ಅಷ್ಟೇ. ಪಾತ್ರೆ ತೊಳೆಯಲು ಹೋಗಿದ್ದ ನನ್ನವರು ಟವೆಲ್ ಹಿಡಿದುಕೊಂಡೇ ಬಂದು ಪೂರ್ತಿ ನೋಡಿದರು.

ಫುಲ್ಲರ್ ಬರೆದ ಮೊದಲ ಎಪಿಸೋಡ್ ಬಂದ ರಾತ್ರಿ ಇಲ್ಲೇ ಸಿಗೋಣ. ಪಶ್ಚಿಮ ತೀರದಲ್ಲಿ ಇರುವವರಿಗೆ ಮೂರು ಗಂಟೆ ತಡವಾಗಿ ಬರುತ್ತೆ. ದಯವಿಟ್ಟು ಅವರು ನೋಡುವವರೆಗೆ ಯಾರೂ ಕಥೆ ಬಿಟ್ಟುಕೊಡಬೇಡಿ.