ಸಹಾಯ ಬೇಕು: ಬೆಂಗಳೂರಿನ ಹಳೆ 198 ವಾರ್ಡ್‌ಗಳ ಜನಸಂಖ್ಯೆಯನ್ನು 225 ವಾರ್ಡ್‌ಗಳಿಗೆ ಹಂಚುವುದು

ಎಲ್ಲರಿಗೂ ನಮಸ್ಕಾರ. ಬಿಬಿಎಂಪಿಯ 198 ವಾರ್ಡ್‌ಗಳ ಗಡಿ ಮತ್ತು 2023ರ 225 ವಾರ್ಡ್‌ಗಳ ಗಡಿ, ಎರಡೂ ಕೆಎಂಎಲ್ (ನಕ್ಷೆಯ ಗಡಿಗಳನ್ನಿಡುವ) ಫೈಲುಗಳು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿವೆ. 2011ರ ಜನಗಣತಿ ಅಂಕಿಗಳಿರುವುದು 198ರ ಲೆಕ್ಕದಲ್ಲಿ. ವಾರ್ಡ್ ಸಂಖ್ಯೆ ಹಿಡಿದು ಜೋಡಿಸುವಂತಿಲ್ಲ, ಸಂಖ್ಯೆ ಒಂದೇ ಇದ್ದರೂ ಜಾಗ ಬೇರೆ.

ಎರಡೂ ಲೇಯರ್‌ಗಳನ್ನು (ಗಡಿ ಪದರಗಳನ್ನು) ಅಕ್ಷಾಂಶ-ರೇಖಾಂಶದ ಇಪಿಎಸ್‌ಜಿ 4326 ಪದ್ಧತಿಯಿಂದ ಮೀಟರ್ ಲೆಕ್ಕದ 32643ಕ್ಕೆ ಬದಲಿಸಿ (ಇಲ್ಲದಿದ್ದರೆ ಲೆಕ್ಕ ಮೀಟರಿನ ಬದಲು ಡಿಗ್ರಿಯಲ್ಲಿ ಸಿಗುತ್ತದೆ), ಗಡಿಗೆರೆಗಳ ದೋಷ ಸರಿಪಡಿಸುವ ಫಿಕ್ಸ್ ಜಿಯೊಮೆಟ್ರೀಸ್ ಓಡಿಸಿ, ಎರಡನ್ನೂ ಒಂದರ ಮೇಲೊಂದಿಟ್ಟು ತುಂಡರಿಸುವ ಇಂಟರ್‌ಸೆಕ್ಷನ್ ಮಾಡಿದ್ದೇನೆ. ತುಂಡಿನ ವಿಸ್ತೀರ್ಣವನ್ನು ಹಳೆ ವಾರ್ಡಿನ ವಿಸ್ತೀರ್ಣದಿಂದ ಭಾಗಿಸಿ, ಆ ಹಳೆ ವಾರ್ಡಿನ ಜನಸಂಖ್ಯೆಯಿಂದ ಗುಣಿಸಿದ್ದೇನೆ.

ಗಡಿ ಬದಲಾಗದ ರಸ್ತೆಗಳಲ್ಲೂ ಎರಡು ಗೆರೆಗಳು ಒಂದರ ಮೇಲೊಂದು ಕೂರುತ್ತಿಲ್ಲ. ನಡುವೆ ದಾರದೆಳೆಯಂಥ ಉದ್ದನೆ ಚೂರುಗಳು. ಸ್ನ್ಯಾಪ್ ಟಾಲರೆನ್ಸ್ (ಎಷ್ಟು ದೂರದೊಳಗಿನ ಗೆರೆಗಳನ್ನು ಒಂದಕ್ಕೊಂದು ಅಂಟಿಸಬೇಕು ಎಂಬ ಮಿತಿ) 5 ಮೀಟರ್ ಇಟ್ಟರೆ ಚೂರು ಉಳಿಯುತ್ತವೆ, 25 ಇಟ್ಟರೆ ಗಲ್ಲಿಗಳ ತಿರುವೇ ಕೆಡುತ್ತದೆ. ಎಲಿಮಿನೇಟ್ ಎಂಬ ಸಾಧನ ಬಳಸಿ ಚೂರುಗಳನ್ನು ಪಕ್ಕದ ತುಂಡಿಗೆ ಸೇರಿಸುವುದಾದರೆ, ಹಂಚಿಕೊಂಡ ಗಡಿಯ ಉದ್ದವನ್ನು ನೋಡಬೇಕೋ, ದೊಡ್ಡ ವಿಸ್ತೀರ್ಣವನ್ನೋ?

ಇದಕ್ಕಿಂತ ದೊಡ್ಡ ತೊಡಕು ಕೆರೆಗಳದ್ದು. ಬೆಳ್ಳಂದೂರಿನಂಥ ಕಡೆ ನೀರಿನ ಮೇಲೂ ಜನ ಹಂಚಿಹೋಗುತ್ತಾರೆ, ಒತ್ತಾಗಿ ಮನೆಗಳಿರುವ ಭಾಗಕ್ಕೆ ಕಡಿಮೆ ಬೀಳುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿರುವ ಕೆರೆಗಳನ್ನು ಮೊದಲೇ ಕಳೆದರೆ ಸಾಕೇ, ಅಥವಾ ಕಟ್ಟಡಗಳ ತಳವಿಸ್ತೀರ್ಣದ ಪ್ರಕಾರವೇ ಹಂಚಬೇಕೇ? ಹಾಗೆ ಮಾಡಿದರೆ ಜನ ವಾಸಿಸದ ಟೆಕ್ ಪಾರ್ಕುಗಳನ್ನು ಬೇರ್ಪಡಿಸುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.