ಡಾಕ್ಟರನ್ನು ಕೇಳಿ: ಇಷ್ಟು ನೀರು ಕುಡಿದರೂ ಮೂತ್ರ ಯಾಕೆ ಕಡಿಮೆ?

ಪ್ರಶ್ನೆ: ನಮಸ್ಕಾರ ಮೇಡಂ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಕೆಲಸ ನನ್ನದು. ಬೇಸಿಗೆಯಲ್ಲಿ ಒಲೆ ಮುಂದೆ ನಿಂತರೆ ಅಂಗಿ ಹಿಂಡುವಷ್ಟು ಬೆವರು. ನೀರು ಕುಡಿಯುತ್ತಲೇ ಇರುತ್ತೇನೆ. ಆದರೂ ಮೂತ್ರ ಸ್ವಲ್ಪವೇ, ಅದೂ ಕಡು ಹಳದಿ. ಸಂಜೆ ತಲೆನೋವು, ಮೀನಖಂಡ ಹಿಡಿದುಕೊಳ್ಳುತ್ತದೆ. ಕಿಡ್ನಿ ಹೋಯಿತಾ?

ಉತ್ತರ: ಗಾಬರಿ ಬೇಡ ಅಣ್ಣ. ಮೂತ್ರ ಹಳದಿಯಾಗುವುದು ಸಾಮಾನ್ಯವಾಗಿ ಕಿಡ್ನಿ ನೀರು ಉಳಿಸುತ್ತಿರುವ ಗುರುತು. ಬೆವರು ಸುರಿದಾಗ ಉಪ್ಪಿಗಿಂತ ನೀರೇ ಜಾಸ್ತಿ ಹೋಗಿ, ನೀರಿಗೆ ಹೋಲಿಸಿದರೆ ರಕ್ತದಲ್ಲಿ ಉಪ್ಪಿನಂಶ ಏರುತ್ತದೆ. ಅದು ನೂರಕ್ಕೆ ಒಂದೆರಡು ಪಾಲು ಏರುಪೇರಾದರೂ ಮೆದುಳಿನ ಹೈಪೋಥಾಲಮಸ್‌ಗೆ ಗೊತ್ತಾಗುತ್ತದೆ. ಬಾಯಾರಿಕೆ ಹುಟ್ಟುತ್ತದೆ, ಜೊತೆಗೆ ಪಿಟ್ಯುಟರಿ ಗ್ರಂಥಿಯಿಂದ ಎಡಿಎಚ್ ಎಂಬ ಹಾರ್ಮೋನ್ ರಕ್ತಕ್ಕೆ ಬರುತ್ತದೆ.

ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಹೊರಗೆ ಹೋಗುವುದು ಒಂದೆರಡು ಲೀಟರ್ ಮಾತ್ರ! ಕೊನೆಯ ಹಂತದ ನಾಳಗಳಲ್ಲಿ ಎಷ್ಟು ನೀರು ವಾಪಸ್ ಹೀರಬೇಕು ಅನ್ನುವುದನ್ನು ಎಡಿಎಚ್ ತೀರ್ಮಾನಿಸುತ್ತದೆ. ಅಲ್ಲಿನ ಜೀವಕೋಶಗಳಲ್ಲಿ ಅಕ್ವಾಪೊರಿನ್ ಎಂಬ ನೀರಿನ ಬಾಗಿಲುಗಳಿವೆ. ಎಡಿಎಚ್ ಹೆಚ್ಚಾದರೆ ಈ ಬಾಗಿಲುಗಳ ಮೂಲಕ ಹೆಚ್ಚು ನೀರು ರಕ್ತಕ್ಕೆ ವಾಪಸ್ ಹೋಗುತ್ತದೆ, ಅದಕ್ಕೇ ಮೂತ್ರ ಕಡಿಮೆ, ಕಡು ಹಳದಿ. ಈ ಅಕ್ವಾಪೊರಿನ್ ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ನಿಮ್ಮ ತಲೆನೋವಿಗೆ ಉಪ್ಪಿನ ಕೊರತೆಯೂ ಕಾರಣ ಇರಬಹುದು. ಉಪ್ಪು ಉಳಿಸುವುದು ಅಲ್ಡೊಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್ ಕೆಲಸ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಇದು ಬೆವರಲ್ಲೂ ಉಪ್ಪು ಕಡಿಮೆ ಮಾಡುತ್ತದೆ. ಆದರೆ ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರನ್ನು ಅದಕ್ಕೇ ಮೊದಲ ದಿನವೇ ಇಡೀ ದಿನ ಒಲೆ ಮುಂದೆ ನಿಲ್ಲಿಸಬೇಡಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ವಾಂತಿ, ಮಂಪರು ಬರಬಹುದು. ನಡುವೆ ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಕುಡಿಯಿರಿ. ಓಆರ್‌ಎಸ್ ಆದರೆ ದೊಡ್ಡ ಪ್ಯಾಕೆಟ್‌ಗೆ ಸರಿಯಾಗಿ ಒಂದು ಲೀಟರ್ ನೀರು.

ಹಾಗಂತ ಸುಮ್ನೆ ಬಿಡಬೇಡಿ. ಮೈಯಲ್ಲಿ ಪದೇಪದೇ ನೀರು ಬತ್ತಿದರೆ ಕಿಡ್ನಿಗೆ ಪೆಟ್ಟೇ. ಒಮ್ಮೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರು: ಮೇಡಂ, ನಮ್ಮ ಮಾವನವರಿಗೆ ಬಿಪಿ ಇದೆ, ಮೂತ್ರ ಹೋಗುವ ಮಾತ್ರೆ ಕೊಟ್ಟಿದ್ದಾರೆ. ಅವರಿಗೂ ಉಪ್ಪು ಮಜ್ಜಿಗೆ ಕೊಡಬಹುದಾ?

ಉತ್ತರ: ನೀವಾಗಿಯೇ ಉಪ್ಪು ಜಾಸ್ತಿ ಮಾಡಬೇಡಿ, ಅವರ ಡಾಕ್ಟರನ್ನು ಕೇಳಿ. ಆ ಮಾತ್ರೆ ಉಪ್ಪನ್ನು ಹೊರಹಾಕುತ್ತದೆ, ಅದರ ಹಿಂದೆಯೇ ನೀರು ಹೋಗುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೂ ಅಷ್ಟಾಗಿ ಗೊತ್ತಾಗುವುದಿಲ್ಲ. ಮಾತು ತೊದಲಿದರೆ, ವಿಪರೀತ ಸುಸ್ತಾದರೆ ಸೋಡಿಯಂ ನೋಡಿಸಲೇಬೇಕು.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಕೆಲಸ ಮುಗಿದ ಮೇಲೆ ಒಂದು ಬಿಯರ್ ಕುಡಿದರೆ ದಣಿವು ಆರುತ್ತೆ ಅಂತಾರೆ, ನಿಜಾನಾ?

ಉತ್ತರ: ಇಲ್ಲ ಅಣ್ಣ. ಆಲ್ಕೋಹಾಲ್ ಎಡಿಎಚ್ ಅನ್ನೇ ತಡೆಯುತ್ತದೆ. ಇಡೀ ದಿನ ಕಿಡ್ನಿ ಉಳಿಸಿದ ನೀರು ರಾತ್ರಿ ಹೊರಗೆ ಹೋಗುತ್ತದೆ. ಮನೆಗೆ ಬಂದ ತಕ್ಷಣ ಮಜ್ಜಿಗೆ ಕುಡಿಯಿರಿ, ಊಟ ಮಾಡಿ.